ಎಡಗಿವಿಯ ಬ್ಯಾಂಡು

"ಇದರಲ್ಲೂ ಅವನಿಲ್ಲ," ಎಂದ ವೆಂಡೆಲ್, ಮಂಡಿಯೂರಿ ಕೂತಲ್ಲಿಂದಲೇ.

ಕಂಪ್ಯೂಟರಿನ ಹಿಂದೆ ಕೈ ತೂರಿಸಿ, ವೈರುಗಳ ಸಿಕ್ಕು ಬಿಡಿಸಿ, ಒಂದನ್ನು ಸ್ಪೀಕರಿಗೆ ಸಿಕ್ಕಿಸಿದ್ದ. ಬೆಳಗಿನಿಂದ ಅವನು ತೆರೆದ ಹಾಡುಗಳೆಲ್ಲ ಒಂದೇ ಬಗೆಯಲ್ಲಿ ಶುರುವಾಗುತ್ತಿದ್ದವು. ಮೊದಲು ಆರ್ಡೆನ್‌ನ ದನಿ, ಗಂಟಲು ಸರಿಮಾಡಿಕೊಂಡು ತಾಳ ಎಣಿಸುವುದು. ಅದರ ಬೆನ್ನಿಗೆ ಡ್ರಮ್ಸು, ಬೇಸ್ ಗಿಟಾರಿನ ದಪ್ಪ ದನಿ. ಆಮೇಲೆ ಅಷ್ಟೆ. ಮದುಮಗನಿಲ್ಲದ ದಿಬ್ಬಣದ ಹಾಗೆ ಆ ಮೇಳ ತನ್ನ ಪಾಡಿಗೆ ತಾನು ಹಾದುಹೋಗುತ್ತಿತ್ತು.

ಲವಾನ್ ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತಿದ್ದಳು. ಮೈಮೇಲೆ ಗಂಡ ಆರ್ಡೆನ್‌ನ ಸಾವಿಗೆಂದು ತಂದ ಕಪ್ಪು ಉಡುಪು, ಕಾಲಲ್ಲಿ ಮನೆಯೊಳಗಿನ ಹಳೇ ಚಪ್ಪಲಿ.

"ಇನ್ನೊಂದು ನೋಡು," ಎಂದಳು.

"ಲವಾನ್, ಇಂಥವು ಇದರೊಳಗೆ ನೂರಾರು ಇವೆ. ಎಲ್ಲಾ ಹಿಂಗೇ. ಇವು ಟ್ರ್ಯಾಕುಗಳು ಕಣೆ. ಜೊತೇಲಿ ಕೂತು ನುಡಿಸೋಕೆ ಅಂತ ಮಾಡಿಟ್ಟುಕೊಳ್ಳೋದು. ರಾಗ ನುಡಿಸೋ ಲೀಡ್ ಗಿಟಾರಿನ ಜಾಗಾನ ಬೇಕಂತಲೇ ಖಾಲಿ ಬಿಡ್ತಾರೆ. ಅದು ನುಡಿಸೋನ ಜಾಗ."

"ನುಡಿಸೋನು ಅವನೇ ತಾನೆ?"

"ಅವನೇ. ದಿನಾ ನುಡಿಸ್ತಿದ್ದ. ರೆಕಾರ್ಡ್ ಮಾತ್ರ ಮಾಡಲಿಲ್ಲ. ಡ್ರಮ್ಸು ಮಾಡಿದ, ನಮ್ಮ ಬ್ಯಾಂಡಲ್ಲಿ ನಾನು ಬಿಟ್ಟುಹೋದ ಬೇಸೂ ತಾನೇ ನುಡಿಸಿ ಸೇರಿಸಿದ, ಎಲ್ಲಾ ಮಾಡಿದ. ತನ್ನದೊಂದು ಬಿಟ್ಟು."

ಮಗಳು ಕರಿನ್ ಬಟ್ಟೆ ಒಗೆಯುವ ಯಂತ್ರಕ್ಕೆ ಒರಗಿ ನಿಂತು ಫೋನು ನೋಡುತ್ತಿದ್ದಳು. ಹಿಂದಿನ ದಿನ ಡುಲೂತ್ ನಗರದಿಂದ ಹಿಮದಲ್ಲೇ ಕಾರು ಓಡಿಸಿಕೊಂಡು ಬಂದಿದ್ದಳು, ಕಣ್ಣು ಕೆಂಪಗಿದ್ದವು. "ಅಮ್ಮ, ಯಾಕಿಷ್ಟು ಹಟ? ಚರ್ಚಿನಲ್ಲಿ ಭಾನುವಾರ ಗಿಟಾರ್ ನುಡಿಸ್ತಾರಲ್ಲ, ಅವರಿಗೆ ಹೇಳಿದರೆ ಆ ಜಾಗ ತುಂಬಿಸ್ತಾರೆ."

"ಬೇಡ."

"ಬರೀ ಖಾಲಿ ಟ್ರ್ಯಾಕ್ ಹಾಕಿದರೆ ಜನಕ್ಕೆ ಏನು ಅರ್ಥ ಆಗುತ್ತೆ?"

"ಜನಕ್ಕಲ್ಲ," ಎಂದಳು ಲವಾನ್. ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮನಸ್ಸಿನೊಳಗಿನದನ್ನು ಹೊರಗೆ ಹಾಕುವುದು ಆ ಹಿಮದ ಸೀಮೆಯ ಜನಕ್ಕೆ ಚಳಿಯಲ್ಲಿ ಕೋಟು ಬಿಚ್ಚಿದಷ್ಟು ಕಷ್ಟ. ಬಾಗಿಲ ಚೌಕಟ್ಟಿನ ಬಣ್ಣ ಎದ್ದುಹೋದ ಕಡೆ ಉಗುರಿನಿಂದ ಕೆರೆಯುತ್ತ ನಿಂತಳು. ಕೊನೆಗೆ ವೆಂಡೆಲ್‌ನ ಕಡೆ ನೋಡಿ ಹೇಳಿದಳು: "ಇಷ್ಟು ವರ್ಷ ನಾನು ಮೇಲೆ ಅಡುಗೆಮನೇಲಿ ಅವನ ಗಿಟಾರೊಂದನ್ನೇ ಕೇಳಿದ್ದು. ಈ ಮೇಳ ನನಗೆ ಕೇಳ್ತಾನೇ ಇರಲಿಲ್ಲ, ಅದು ಅವನ ಕಿವೀಲಿರ್ತಿತ್ತು. ಎರಡೂ ಸೇರಿದರೆ ಹೇಗಿರ್ತಿತ್ತು ಅಂತ ಒಂದು ಸಲ ಕೇಳಬೇಕು. ಅವನನ್ನ ಕಳಿಸೋ ಮುಂಚೆ. ಅಷ್ಟೇ."

ವೆಂಡೆಲ್ ಸಂಧಿವಾತದಿಂದ ಗಂಟುಗಟ್ಟಿದ ತನ್ನ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಕೇಳಿದ: "ಅವನು ಹೆಚ್ಚಾಗಿ ನುಡಿಸ್ತಿದ್ದದ್ದು ಯಾವುದು?"

"ನೀನು ಹಾಕಿದರೆ ನನಗೆ ಗೊತ್ತಾಗಲ್ಲ. ನನಗೆ ಗೊತ್ತಿರೋದು ಅವನದ್ದು."

"ಹಾಗಾದರೆ ಅವನದ್ದನ್ನ ಹೇಳು. ಗುನುಗು."

ಲವಾನ್ ಚರ್ಚಿನಲ್ಲೂ ತುಟಿ ಮಾತ್ರ ಆಡಿಸುವವಳು. ಮಗಳ ಮುಖ ನೋಡಿದಳು, ನೆಲ ನೋಡಿದಳು. ಆಮೇಲೆ ಕಣ್ಣು ಮುಚ್ಚಿ, ಮೂಗಿನಲ್ಲಿ, ಸೂಜಿಗೆ ದಾರ ಪೋಣಿಸುವವಳ ಹಾಗೆ ಮೆಲ್ಲಗೆ ಗುನುಗಿದಳು. ಆ ಸ್ವರ ಎರಡು ಮೆಟ್ಟಿಲು ಹತ್ತಿ, ಏನೋ ನೆನಪಾದಂತೆ ನಿಂತುಬಿಡುತ್ತಿತ್ತು. ಒಂದು ತಟ್ಟೆ ಒರೆಸಿಡುವಷ್ಟು ಹೊತ್ತು ಮೌನ. ಆಮೇಲೆ ಇನ್ನೊಂದು ಮೆಟ್ಟಿಲು ಹತ್ತಿ, ಹತ್ತಬಾರದಿತ್ತು ಎಂಬಂತೆ ಸರಸರನೆ ಇಳಿದುಬಿಡುತ್ತಿತ್ತು.

ವೆಂಡೆಲ್ ತಲೆ ಓರೆ ಮಾಡಿ ಕೇಳಿದ. ಕೈ ಮಾತ್ರ ಕಂಪ್ಯೂಟರಿನಲ್ಲಿ ಹುಡುಕುತ್ತಿತ್ತು. ಒಂದು ಹಾಕಿ ತೆಗೆದ, ಇನ್ನೊಂದು ಹಾಕಿ ತೆಗೆದ. ಮುಂದಿನದರ ಎಣಿಕೆ ಮುಗಿದು ನಿಧಾನದ ಮೂರು ಪೆಟ್ಟಿನ ತಾಳ ಶುರುವಾಗುತ್ತಲೇ ಅವನ ಮುಖ ಅರಳಿತು.

"ಇದೇ! ನಮ್ಮ ಹಳೇ ವಾಲ್ಟ್ಸು, ಜೋಡಿ ಕುಣಿತದ್ದು. ಎಲ್ಲಿ, ಇದರ ಜೊತೆಗೇ ಹೇಳು."

"ಬೇಡ, ನಿಲ್ಲಿಸು," ಎಂದಳು ಲವಾನ್, ಕೈ ಅಡ್ಡ ಮಾಡಿ. "ಈಗ ಬೇಡ. ಚರ್ಚಿನಲ್ಲಿ ಹಾಕು. ಮೇಳ ಅಲ್ಲಿಂದ ಬರಲಿ, ಅವನದ್ದು ನನ್ನ ಹತ್ತಿರ ಇದೆ. ಅಲ್ಲೇ ಸೇರಿಸಿಕೊಳ್ತೀನಿ."

*

ಆರ್ಡೆನ್ ಬದುಕಿಡೀ ಕೌಂಟಿ ಆಡಳಿತದ ಹಿಮ ತಳ್ಳುವ ಲಾರಿ ಓಡಿಸಿದವನು. ಶನಿವಾರ ಸಂಜೆ ಮಾತ್ರ ಗಿಟಾರು. ಸುತ್ತಲಿನ ಊರುಗಳ ನೃತ್ಯದ ಹಾಲ್‌ಗಳಲ್ಲಿ ಅವರದೊಂದು ಮೂರು ಜನರ ಬ್ಯಾಂಡು. ಡ್ರಮ್ಸಿಗೆ ಮೈಲೋ, ಬೇಸಿಗೆ ವೆಂಡೆಲ್, ಲೀಡಿಗೆ ಆರ್ಡೆನ್. ಮೈಲೋ ಸತ್ತ. ವೆಂಡೆಲ್‌ನ ಬೆರಳು ಕೈಕೊಟ್ಟವು. ಹಾಲ್‌ಗಳಲ್ಲಿ ಒಂದಕ್ಕೆ ಬೆಂಕಿ ಬಿತ್ತು, ಇನ್ನೊಂದು ಟ್ರ್ಯಾಕ್ಟರಿನ ಗೋದಾಮಾಯಿತು. ಕುಣಿಯುವವರೂ ಒಬ್ಬೊಬ್ಬರಾಗಿ ಚರ್ಚಿನ ಹಿಂದಿನ ಬಯಲಿಗೆ ಹೋಗಿ ಮಲಗಿದರು.

ಆಗ ಆರ್ಡೆನ್ ನೆಲಮಾಳಿಗೆಗೆ ಇಳಿದ. ಯಂತ್ರದಲ್ಲಿ ಡ್ರಮ್ಸು ಕೂಡಿಸಿದ. ಮೈಲೋ ಮೂರನೆಯ ಪೆಟ್ಟನ್ನು ಯಾವಾಗಲೂ ಒಂದು ಕೂದಲೆಳೆ ತಡವಾಗಿ ಹೊಡೆಯುತ್ತಿದ್ದನಲ್ಲ, ಹಾಗೇ ಯಂತ್ರದಲ್ಲೂ ಆ ಪೆಟ್ಟನ್ನು ಒಂದೊಂದಾಗಿ ಹಿಂದಕ್ಕೆ ಎಳೆದು ಕೂರಿಸಿದ. ಸತ್ತವನ ಕೈಯ ತಪ್ಪನ್ನು ಉಳಿಸಿಕೊಳ್ಳಲು ಒಂದು ಇಡೀ ಚಳಿಗಾಲ ಹಿಡಿಯಿತು. ಬೇಸನ್ನು ವೆಂಡೆಲ್‌ನಂತೆಯೇ, ಸ್ವಲ್ಪ ಸೋಮಾರಿಯಾಗಿ ನುಡಿಸಿದ. ಮೇಳ ಸಿದ್ಧವಾದ ಮೇಲೆ ನಡುವೆ ತನ್ನ ಜಾಗ ಬಿಟ್ಟುಕೊಂಡು ಅದರಲ್ಲಿ ಹೋಗಿ ಕೂತ.

ಆ ಕಾಲದಲ್ಲಿ ಲವಾನ್‌ಗೆ ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ, ನಿದ್ದೆಯೆಲ್ಲ ಹಗಲಲ್ಲಿ. "ಆ ಡ್ರಮ್ಸು ನನ್ನ ಮಂಚದ ಕೆಳಗೇ ಬಡಿದ ಹಾಗಾಗುತ್ತೆ ಮಾರಾಯ," ಎಂದು ಒಮ್ಮೆ ಅಂದಿದ್ದಳು, ಅದೂ ನಗುತ್ತ. ಮರುದಿನವೇ ಅವನು ಹೆಡ್‌ಫೋನ್ ತಂದ. ಅವಳ ಪಾಳಿ ಮುಗಿಯಿತು, ಕೆಲಸವೂ ಮುಗಿಯಿತು, ನಿದ್ದೆ ರಾತ್ರಿಗೇ ಮರಳಿತು. ಹೆಡ್‌ಫೋನ್ ಮಾತ್ರ ಅವನ ತಲೆಯಿಂದ ಇಳಿಯಲಿಲ್ಲ.

ಅದನ್ನು ಅವನು ಪೂರ್ತಿ ಹಾಕಿಕೊಳ್ಳುತ್ತಿರಲಿಲ್ಲ. ಎಡಗಿವಿ ಮುಚ್ಚಿ ಅದರೊಳಗೆ ಮೇಳ. ಬಲಗಿವಿ ಬಿಟ್ಟು, ಅದಕ್ಕೆ ಮಡಿಲಲ್ಲಿನ ಗಿಟಾರು. ಅವೆರಡೂ ಕೂಡುತ್ತಿದ್ದದ್ದು ಆ ಎರಡು ಕಿವಿಗಳ ನಡುವೆ ಒಂದೇ ಕಡೆ. ಮೇಲೆ ಅಡುಗೆಮನೆಯಲ್ಲಿ, ಬಿಸಿಗಾಳಿ ಬರುವ ನೆಲದ ಜಾಲರಿಯೊಳಗಿಂದ ಲವಾನ್‌ಗೆ ಬರುತ್ತಿದ್ದದ್ದು ಬರೀ ಗಿಟಾರು. ಎರಡು ಮಾತಾಡಿ ಸುಮ್ಮನಾಗುವುದು, ಇನ್ನಾರದೋ ಮಾತು ಕೇಳಿಸಿಕೊಂಡಂತೆ ಕಾಯುವುದು, ಮತ್ತೆ ಎರಡು ಮಾತು. ಫೋನಿನಲ್ಲಿ ಮಾತಾಡುವವರ ಒಂದು ಬದಿಯನ್ನಷ್ಟೇ ಕೇಳಿದ ಹಾಗೆ. ಕಣ್ಣಿಗೆ ರೆಪ್ಪೆ ಕೊಟ್ಟ ಭಗವಂತ ಕಿವಿಗೆ ಕೊಡಲಿಲ್ಲ. ಹಾಗಾಗಿ ಅವಳು ಬೇಕಂತ ಕೇಳದಿದ್ದರೂ ಆ ಅರ್ಧ ಸಂಭಾಷಣೆ ವರ್ಷಗಟ್ಟಲೆ ಅವಳೊಳಗೆ ಇಳಿದು ತಳ ಸೇರಿತ್ತು. ಅವನು ಸುಮ್ಮನಾದಾಗ ಅವಳ ಕೈಯ ಚಾಕು ಆಲೂಗಡ್ಡೆಯ ಮೇಲೆ ನಿಲ್ಲುತ್ತಿತ್ತು. ಅವನು ಶುರುಮಾಡಿದರೆ ಚಾಕೂ ಶುರು.

ಒಂದು ಸಲ ಕೆಳಗೆ ಹೋಗಿದ್ದಳು. ಒಗೆದ ಬಟ್ಟೆ ತರಲು ಹೋದವಳನ್ನು ಅವನು ಕೂರಿಸಿ, "ಇರು, ಇದನ್ನ ಕೇಳು," ಎಂದು ಹೆಡ್‌ಫೋನ್ ತೆಗೆದು ಅವಳ ಎರಡೂ ಕಿವಿಗೆ ಹಾಕಿದ. ಮೇಳ ಶುರುವಾಯಿತು. ಅವನು ಎದುರು ಕೂತು ಗಿಟಾರು ನುಡಿಸತೊಡಗಿದ. ಬೆರಳುಗಳು ತಂತಿಯ ಮೇಲೆ ಏರಿದ್ದು, ನಿಂತದ್ದು, ಕಣ್ಣು ಮುಚ್ಚಿದ್ದು ಎಲ್ಲ ಕಂಡಿತು. ಅವಳಿಗೆ ಕೇಳಿದ್ದು ಮಾತ್ರ ಮೈಲೋನ ತಡವಾದ ಪೆಟ್ಟು, ವೆಂಡೆಲ್‌ನ ಸೋಮಾರಿ ಬೇಸು.

"ಹೇಗಿದೆ?" ಎಂದು ತುಟಿಯಾಡಿಸಿದ.

ಅವಳು ಹೆಡ್‌ಫೋನ್ ತೆಗೆದು, "ಪರವಾಗಿಲ್ಲ. ಆದರೆ ನಿಂದೆಲ್ಲಿ?" ಎಂದಳು.

ಅವನು ನಕ್ಕುಬಿಟ್ಟ. "ನಂದು ನಿನಗೆ ಮೇಲೇ ಕೇಳುತ್ತಲ್ಲೇ!"

ಅವಳೂ ನಕ್ಕಳು. ಬಟ್ಟೆಯ ಬುಟ್ಟಿ ಎತ್ತಿಕೊಂಡು ಮೇಲೆ ಬಂದಳು.

*

ಚರ್ಚಿಗೆ ಹೊರಡುವಾಗ ಮನೆಯಿಂದ ರಸ್ತೆಗೆ ಸೇರುವಲ್ಲಿ ಸೊಂಟದೆತ್ತರ ಹಿಮದ ದಿಬ್ಬ ಬಿದ್ದಿತ್ತು. ಆರ್ಡೆನ್‌ನ ಜಾಗಕ್ಕೆ ಬಂದ ಹೊಸ ಡ್ರೈವರು ಬೆಳಗ್ಗೆ ರಸ್ತೆ ಬಳಿದುಕೊಂಡು ಹೋದವನು ಬಳಿದದ್ದನ್ನೆಲ್ಲ ಅವರ ಬಾಗಿಲಿಗೇ ಒಟ್ಟಿಹೋಗಿದ್ದ. ವೆಂಡೆಲ್ ಸಲಿಕೆ ಹಿಡಿದು ಇಳಿದ.

"ನಮ್ಮ ಆರ್ಡೆನ್ ವಿಧವೆಯರ ಮನೆ ಮುಂದೆ ಬಂದರೆ ಲಾರಿಯ ಹಿಮ ತಳ್ಳೋ ಹಲಗೆ ಎತ್ತಿಬಿಡ್ತಿದ್ದ," ಎಂದ, ಏದುಸಿರು ಬಿಡುತ್ತ. "ಬರ್ನೀಸ್ ಮನೆ ಮುಂದೆ ಎತ್ತಿದ, ಆ ತುದಿಮನೆ ಮುದುಕಿ ಮನೆ ಮುಂದೆ ಎತ್ತಿದ. ಅವನ ಹೆಂಡತಿ ಸರದಿ ಬಂದಾಗ ನೋಡು, ಎತ್ತೋರಿಲ್ಲ."

ಲವಾನ್ ಕಾರಿನೊಳಗೆ ಕೂತು ಆ ದಿಬ್ಬವನ್ನೇ ನೋಡಿದಳು. ತಾನು ಈಗ ಆ ಮನೆಗಳ ಸಾಲಿಗೆ ಸೇರಿದವಳು ಎನ್ನುವುದು ಅವಳಿಗೆ ಹೊಳೆದದ್ದು ಆಗಲೇ. ಮನಸ್ಸಿನಲ್ಲೇ ಎರಡು ಮೆಟ್ಟಿಲು ಹತ್ತಿ ನಿಲ್ಲುವ ಆ ಸ್ವರವನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಇತ್ತು.

ಚರ್ಚಿನ ಬಾಗಿಲಲ್ಲಿ ಬರ್ನೀಸ್ ಅಪ್ಪಿಕೊಂಡಳು. ಅವಳ ಕೋಟಿನ ಮೇಲೆ ಹಿಟ್ಟು. "ಕೆಳಗೆ ಊಟ ರೆಡಿ. ನೂರು ಜನಕ್ಕೆ ಆಗೋ ಅಷ್ಟು ಆಲೂಗಡ್ಡೆ ಬೇಯಿಸಿದೀವಿ. ಈ ಹಿಮದಲ್ಲಿ ಬರೋರು ಮೂವತ್ತು. ನಿನ್ನ ಗಂಡ ಇದ್ದಿದ್ದರೆ ರಸ್ತೆ ಬಳಿದು ಎಲ್ಲರನ್ನೂ ಕರಕೊಂಡು ಬರ್ತಿದ್ದ," ಎಂದಳು. ಎಂದವಳು ತನ್ನ ಮಾತಿಗೆ ತಾನೇ ಬಾಯಿ ಮುಚ್ಚಿಕೊಂಡಳು.

"ಇರಲಿ ಬಿಡು," ಎಂದಳು ಲವಾನ್. "ಅವನಿಗೂ ಗದ್ದಲ ಆಗ್ತಿರಲಿಲ್ಲ."

ಪಾದ್ರಿ ಎಲಿಂಗ್ಸನ್ ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಈ ಊರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಲವಾನ್‌ಳ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಪ್ರಾರ್ಥನೆ ಆದಮೇಲೆ ಅವರ ಹಾಡು. ಹಾಡು ಮುಗಿದ ತಕ್ಷಣ ನಾನು ಆಶೀರ್ವಚನ ಹೇಳ್ತೀನಿ, ಎಲ್ಲರೂ ಶವಪೆಟ್ಟಿಗೆ ಹಿಂದೆ ನಡೆಯೋಣ. ಸರಿನಾ?"

"ಸರಿ ಪಾದ್ರಿಯಮ್ಮ."

ಕೀರ್ತನೆ ಹಾಡಿದರು. ಬೈಬಲಿನ ಪಾಠ ಓದಿದರು. ಆರ್ಡೆನ್ ಒಳ್ಳೆಯವನು, ಮೌನಿ, ಹಿಮದ ದಿನಗಳಲ್ಲಿ ಊರನ್ನು ಊರಿಗೆ ಸೇರಿಸುತ್ತಿದ್ದವನು ಎಂದು ಪಾದ್ರಿ ಹೇಳಿದಳು. ಅದೆಲ್ಲ ನಿಜವೇ. ಲವಾನ್‌ಗೆ ಒಂದೂ ಕಿವಿಗೆ ಬೀಳಲಿಲ್ಲ. ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ, ತುಂಬಿದ ಬಟ್ಟಲು ಹಿಡಿದು ನಡೆಯುವವಳ ಹಾಗೆ, ಆ ಸ್ವರ ಚೆಲ್ಲದಂತೆ ಹಿಡಿದುಕೊಂಡು ಕೂತಿದ್ದಳು.

"ಎಲ್ಲರೂ ಎದ್ದು ನಿಲ್ಲಿ," ಎಂದಳು ಪಾದ್ರಿ. ಹಿಂದಿನ ಅಟ್ಟದ ಮೇಲೆ ವೆಂಡೆಲ್ ಗುಂಡಿ ಒತ್ತಿದ.

ಗೋಡೆಯ ಸ್ಪೀಕರುಗಳಿಂದ ಆರ್ಡೆನ್ ಗಂಟಲು ಸರಿಮಾಡಿಕೊಂಡ. ಸಾಲುಗಳಲ್ಲಿ ಯಾರೋ ಸಣ್ಣಗೆ ಬೆಚ್ಚಿದರು. "ಒಂದು, ಎರಡು, ಮೂರು," ಎಂದ ಅವನು, ದಿನಾ ಊಟಕ್ಕೆ ಕರೆದಾಗ "ಬಂದೆ" ಎನ್ನುವ ಅದೇ ದನಿಯಲ್ಲಿ. "ಒಂದು, ಎರಡು..."

ಮೇಳ ಶುರುವಾಯಿತು.

ನೆಲಮಾಳಿಗೆಯ ಪುಟ್ಟ ಸ್ಪೀಕರಿನಲ್ಲಿ ಕೇಳಿದ್ದಲ್ಲ ಇದು. ಚರ್ಚಿನ ಎತ್ತರದ ಮಾಡಿನ ಕೆಳಗೆ ಬೇಸಿನ ದನಿ ಕಾಲಡಿಯ ಹಲಗೆಗಳಿಂದ ಎದ್ದು ಬಂತು. ಡ್ರಮ್ಸು ಎದೆಗೆ ಬಡಿಯಿತು. ಲವಾನ್ ಕಣ್ಣು ಮುಚ್ಚಿ ತನ್ನ ಬಟ್ಟಲಿಗೆ ಕೈ ಹಾಕಿದಳು.

ಅದು ಬರಿದಾಗಿತ್ತು.

ಮೊದಲ ಮೆಟ್ಟಿಲು ಯಾವುದು? ಮೂಗಿನಲ್ಲಿ ಗುನುಗಲು ನೋಡಿದಳು. ಬಂದದ್ದು ಬೇಸಿನದೇ ಸ್ವರ. ಮೇಳಕ್ಕೆ ತನ್ನದೇ ದಾರಿಯಿತ್ತು. ಅದು ಅವಳನ್ನು ಕೈಹಿಡಿದು ಆ ದಾರಿಯಲ್ಲೇ ಎಳೆದುಕೊಂಡು ಹೋಯಿತು. ಹುಡುಕಬೇಡ, ಕಾದಿರು, ತಾನೇ ಬರುತ್ತದೆ ಎಂದುಕೊಂಡಳು. ಮುಂದಿನ ಸುತ್ತಿಗೆ ಬರಬಹುದು. ಖಾಲಿ ಜಾಗ ಬಂತು, ಬಾಗಿಲು ತೆರೆದಿಟ್ಟ ಕೋಣೆಯ ಹಾಗೆ. ಅದರೊಳಗೆ ಯಾರೂ ಇರಲಿಲ್ಲ. ಜಾಗ ಹಾದುಹೋಯಿತು. ಮತ್ತೊಂದು ಸುತ್ತು ಬಂತು.

ಜನ ತಲೆ ತಗ್ಗಿಸಿ ನಿಂತಿದ್ದರು. ಸುತ್ತು ಮುಗಿಯುವ ಹೊತ್ತಿಗೆ ಪಾದ್ರಿ ಆಶೀರ್ವಚನಕ್ಕೆ ಕೈ ಎತ್ತಿದಳು. ಮೇಳ ಮುಗಿಯಲಿಲ್ಲ, ತಿರುಗಿ ಮೊದಲಿಗೆ ಹೋಯಿತು. ಕೈ ಇಳಿಯಿತು. ಮತ್ತೊಮ್ಮೆ ಎತ್ತಿದಳು, ಮತ್ತೊಮ್ಮೆ ಇಳಿಯಿತು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಕೋಲೂರಿ ಕಾಲು ಬದಲಿಸಿದ. ಯಾರೋ ಕೆಮ್ಮಿದರು, ಆ ಕೆಮ್ಮಿಗೆ ಇನ್ನೊಬ್ಬರು. ಒಬ್ಬಳು ಕೂರಲು ಹೋಗಿ, ಪಕ್ಕದವರು ನಿಂತಿರುವುದನ್ನು ನೋಡಿ ಅರ್ಧದಲ್ಲೇ ಎದ್ದಳು.

"ಅಮ್ಮ," ಕರಿನ್ ಕಿವಿಯಲ್ಲಿ ಪಿಸುಗುಟ್ಟಿದಳು, "ಇದು ಮುಗಿಯೋದೇ ಇಲ್ಲ ಅನ್ಸುತ್ತೆ. ನಿಲ್ಲಿಸಲು ಹೇಳಲಾ?"

ಲವಾನ್ ತಲೆಯಾಡಿಸಿದಳು. ಬೇಡ. ಇನ್ನೊಂದು ಸುತ್ತು. ಹತ್ತಿ ನಿಲ್ಲುತ್ತಿತ್ತು, ಅದಂತೂ ನೆನಪಿದೆ, ಎಲ್ಲಿ ನಿಲ್ಲುತ್ತಿತ್ತು? ತಟ್ಟೆ ಒರೆಸುವಷ್ಟು ಹೊತ್ತು. ಕೋಟಿನ ಜೇಬಿನೊಳಗೆ ಅವಳ ಕೈ ಇಲ್ಲದ ತಟ್ಟೆಯೊಂದನ್ನು ಒರೆಸತೊಡಗಿತು. ಎದುರಿಗೆ ಪೆಟ್ಟಿಗೆ, ಅದರ ಮೇಲೆ ಬಿಳಿ ಬಟ್ಟೆ. ಒಳಗಿನವನಿಗೆ ಎಲ್ಲ ಗೊತ್ತು. ಕರ್ತನೇ, ಒಂದು ಸಾಲು, ಒಂದೇ ಒಂದು ಸಾಲು.

ಮೇಳ ಮತ್ತೆ ಮೊದಲಿಗೆ ಬಂತು.

ಕೊನೆಗೆ ನಿಲ್ಲಿಸಿದ್ದು ವೆಂಡೆಲ್. ಎಲ್ಲಿ ನಿಲ್ಲಿಸಬೇಕೆಂದು ಅವನಿಗೂ ಗೊತ್ತಾಗಲಿಲ್ಲ. ನಡುತಾಳದಲ್ಲಿ, ಮೈಲೋನ ಮೂರನೆಯ ಪೆಟ್ಟು ಬೀಳುವ ಮುಂಚೆ, ದನಿ ಕಡಿದುಹೋಯಿತು. ಆ ಪೆಟ್ಟಿಗಾಗಿ ಇಡೀ ಚರ್ಚು ಒಂದು ಗಳಿಗೆ ಕಾದ ಹಾಗಿತ್ತು. ಪಾದ್ರಿ ಅವಸರವಾಗಿ ಆಶೀರ್ವಚನ ಹೇಳಿದಳು.

*

"ಯಾಕೆ ಕೊನೆ ಮಾಡೋದೇ ಇಲ್ಲ ನೀನು?" ಎಂದು ಅವಳು ಒಂದು ಸಂಜೆ ಕೇಳಿದ್ದಳು. ಸೂಪು ಆರುತ್ತಿತ್ತು, ಅವನನ್ನು ಕರೆದು ಕರೆದು ಸಾಕಾಗಿತ್ತು.

ಆರ್ಡೆನ್ ರೊಟ್ಟಿಗೆ ಬೆಣ್ಣೆ ಸವರಿದ. "ಹಾಲ್‌ಗಳಲ್ಲಿ ಕೊನೆ ವಾಲ್ಟ್ಸ್ ಮುಗೀತಿತ್ತಲ್ಲ," ಎಂದ. "ಜನ ಕೋಟು ಹಾಕ್ಕೊಂಡು ಹೋಗಿಬಿಡೋರು. ದೀಪ ಹಾಕೋರು. ನೆಲದ ತುಂಬ ಕಾಗದದ ಲೋಟ. ಮೈಲೋ ಡ್ರಮ್ಸ್ ಬಿಚ್ಚೋನು. ನನಗೆ ಅದು ಯಾವತ್ತೂ ಸೇರ್ತಿರಲಿಲ್ಲ."

"ಅದಕ್ಕೆ?"

"ಅದಕ್ಕೇನು. ಬಾಲ ತಂದು ತಲೆಗೆ ಅಂಟಿಸಿದೀನಿ. ಗಂಟೆಗಟ್ಟಲೆ ಹೋಗುತ್ತೆ. ನೀನು ಕರೆದಾಗ ಎದ್ದು ಬರ್ತೀನಿ, ಅದೇ ಕೊನೆ."

*

ಚರ್ಚಿನ ಕೆಳಗಿನ ಊಟದ ಕೋಣೆಯಲ್ಲಿ ಹಂದಿಮಾಂಸ ಇಟ್ಟ ಬನ್ನು, ಆಲೂಗಡ್ಡೆಯ ದೊಡ್ಡ ತಟ್ಟೆಗಳು, ಹಸಿರು ಜೆಲ್ಲಿ, ನೀರಿನಂಥ ಕಾಫಿ. ವೆಂಡೆಲ್ ಎದುರಿಗೆ ಬಂದು ಟೋಪಿ ತಿರುವುತ್ತ ನಿಂತ.

"ತಪ್ಪಾಯ್ತು ಲವಾನ್. ಕೊನೇ ತನಕ ಕೇಳಿ ನೋಡಲೇ ಇಲ್ಲ ನಾನು. ಶುರು ಇದ್ದಮೇಲೆ ಕೊನೆ ಇರುತ್ತೆ ಅಂದುಕೊಂಡೆ."

"ನಿಂದೇನಿಲ್ಲ, ಕೂತ್ಕೋ. ಬನ್ನು ತಿನ್ನು."

"ಕೇಳ್ತಾ? ಎರಡೂ ಸೇರಿತಾ?"

ಲವಾನ್ ಕಾಫಿಯೊಳಗೆ ನೋಡಿದಳು. "ಅವನದ್ದು ಹೋಯ್ತು ವೆಂಡೆಲ್. ಬೆಳಗ್ಗೆ ಇತ್ತು, ನೀನೇ ಕೇಳಿದೆಯಲ್ಲ. ಅದು ಹೇಗಿತ್ತು? ನಿನಗೆ ನೆನಪಿದೆಯಾ?"

ವೆಂಡೆಲ್ ಬಾಯಿ ತೆರೆದ. ತಲೆ ಓರೆ ಮಾಡಿದ, ಬೆಳಗ್ಗೆ ಮಾಡಿದ ಹಾಗೆಯೇ. ಸುತ್ತ ತಟ್ಟೆಗಳ ಸದ್ದು. "ಹತ್ತುತ್ತೆ... ಆಮೇಲೆ..." ಎಂದ. ಗುನುಗಿದ. ಅದು ಬೇಸಿನ ಸಾಲು. ಅವನಿಗೇ ಗೊತ್ತಾಗಿ ನಿಲ್ಲಿಸಿದ. "ಅಯ್ಯೋ ದೇವರೇ. ನಾನು ಜೀವಮಾನ ಇಡೀ ಬೇಸ್ ನುಡಿಸಿದೋನು ಕಣೆ. ನನ್ನ ಕಿವಿ ಅಲ್ಲಿಗೇ ಹೋಗುತ್ತೆ."

ಕರಿನ್ ಕುರ್ಚಿ ಎಳೆದುಕೊಂಡು ಅಮ್ಮನ ಪಕ್ಕ ಕೂತಳು. ಅವಳ ಮುಖದಲ್ಲಿ ಬೆಳಗಿನಿಂದ ಇಲ್ಲದ ಗೆಲುವಿತ್ತು. "ಅಮ್ಮ, ಇಲ್ಲಿ ನೋಡು. ಅಪ್ಪ ಈ ಟ್ರ್ಯಾಕುಗಳನ್ನ ಇಂಟರ್ನೆಟ್ಟಿಗೆ ಹಾಕಿದ್ದರಂತೆ, ಯಾರು ಬೇಕಾದರೂ ಬಳಸಿಕೊಳ್ಳಲಿ ಅಂತ. ಎಷ್ಟು ಜನ ಇದರ ಜೊತೆ ನುಡಿಸಿದಾರೆ ಗೊತ್ತಾ? ಬ್ರೆಜಿಲ್ಲು, ಜಪಾನು... ಇವನನ್ನ ನೋಡು, ಅದೇ ವಾಲ್ಟ್ಸು."

ಬೇಡ ಎನ್ನುವ ಮುಂಚೆಯೇ ಫೋನು ಎದುರಿಗಿತ್ತು. ಯಾವುದೋ ಬಿಸಿಲಿನ ದೇಶದ ಗಂಡಸು, ಬನಿಯನ್ನಿನಲ್ಲಿ ಕೂತಿದ್ದಾನೆ, ಹಿಂದೆ ಕಿಟಕಿಯಲ್ಲಿ ಬಾಳೆಗಿಡ. ಆರ್ಡೆನ್ ಎಣಿಸಿದ, ಆ ಗಂಡಸು ಎಣಿಕೆಗೆ ತಲೆಯಾಡಿಸಿ ನುಡಿಸತೊಡಗಿದ. ಚೆನ್ನಾಗಿ ನುಡಿಸಿದ, ಆರ್ಡೆನ್‌ಗಿಂತ ಚುರುಕಾಗಿಯೇ. ಖಾಲಿ ಜಾಗದೊಳಗೆ ಹೋಗಿ, ಕಾಲು ಚಾಚಿ, ಅಲ್ಲೇ ಹುಟ್ಟಿ ಬೆಳೆದವನ ಹಾಗೆ ಕೂತ. ಎಲ್ಲಿಯೂ ನಿಲ್ಲಲಿಲ್ಲ. ತಟ್ಟೆ ಒರೆಸುವಷ್ಟು ಬಿಡುವು ಎಲ್ಲಿಯೂ ಕೊಡಲಿಲ್ಲ.

"ಚೆನ್ನಾಗಿದೆಯಲ್ವಾ?" ಎಂದಳು ಕರಿನ್. ಅವಳ ಕಣ್ಣಲ್ಲಿ ನೀರಿತ್ತು. "ಅಪ್ಪ ಒಂಟಿ ಅಂದುಕೊಂಡಿದ್ದೆ ನಾನು. ಇಷ್ಟು ಜನ ಇದ್ದರು ಜೊತೇಲಿ."

"ಪರವಾಗಿಲ್ಲ," ಎಂದಳು ಲವಾನ್. ಮಗಳ ಕೈ ತಟ್ಟಿದಳು. ಅವಳ ಕಿವಿಯೊಳಗೆ ಬಾಳೆಗಿಡದ ಮನೆಯವನ ಸ್ವರ ಆಗಲೇ ಹಾಸಿಗೆ ಬಿಡಿಸಿ ಮಲಗಿತ್ತು.

ಹೂಳುವುದು ಅಂದು ಇರಲಿಲ್ಲ. ಆ ಸೀಮೆಯಲ್ಲಿ ಚಳಿಗಾಲದಲ್ಲಿ ಸತ್ತವರಿಗೆ ನೆಲ ಬಾಯಿ ತೆರೆಯುವುದಿಲ್ಲ. ಏಪ್ರಿಲ್ಲಿನಲ್ಲೋ ಮೇಯಲ್ಲೋ ಮಣ್ಣು ಕರಗುವ ತನಕ ಪೆಟ್ಟಿಗೆ ಸ್ಮಶಾನದ ಕಲ್ಲಿನ ಕೋಣೆಯಲ್ಲಿ ಕಾಯಬೇಕು. ನಾಲ್ಕು ಜನ ಹೊತ್ತು ಒಳಗಿಟ್ಟರು. ಒಳಗೆ ಆಗಲೇ ಇನ್ನೆರಡು ಪೆಟ್ಟಿಗೆಗಳಿದ್ದವು. ಕಬ್ಬಿಣದ ಬಾಗಿಲು ಹಿಮಕ್ಕೆ ಕಚ್ಚಿಕೊಂಡು ಎಳೆದರೂ ಪೂರ್ತಿ ಮುಚ್ಚಲಿಲ್ಲ.

"ಮಣ್ಣಿಗೆ ಮಣ್ಣು ಅನ್ನೋ ಮಾತು ಈಗ ಹೇಳಲ್ಲ," ಎಂದಳು ಪಾದ್ರಿ ಎಲಿಂಗ್ಸನ್, ಮೂಗು ಒರೆಸಿಕೊಳ್ಳುತ್ತ. "ಅದು ವಸಂತದಲ್ಲಿ. ಆಗ ಮತ್ತೆ ಎಲ್ಲರೂ ಸೇರೋಣ."

"ಇವತ್ತು ಮುಗಿಯಲ್ಲ ಅಂತಾಯ್ತು," ಎಂದಳು ಲವಾನ್.

ಹಿಮ ಮತ್ತೆ ಉದುರತೊಡಗಿತ್ತು.

*

ಬೇಗ ಕತ್ತಲಾಗುವ ಕಾಲ. ಕರಿನ್ ಸೋಫಾದ ಮೇಲೆ ಕೋಟು ಹೊದ್ದೇ ನಿದ್ದೆಹೋಗಿದ್ದಳು. ಲವಾನ್ ಅಡುಗೆಮನೆಯಲ್ಲಿ ತನ್ನ ಕುರ್ಚಿಯಲ್ಲಿ ಕೂತು ಒಂದು ಆಲೂಗಡ್ಡೆ ಕೈಗೆತ್ತಿಕೊಂಡಳು. ಹಸಿವಿರಲಿಲ್ಲ, ಕೈ ತನ್ನ ಕೆಲಸ ಮಾಡಿದರೆ ಅದರ ಹಿಂದೆ ಸ್ವರ ಬಂದೀತೆಂದು ಕಾದಳು. ಚಾಕು ಒಂದೇ ಸಮನೆ ಓಡಿತು. ಅದಕ್ಕೆ ಎಲ್ಲಿ ನಿಲ್ಲಬೇಕೆಂದು ಹೇಳುವವರಿರಲಿಲ್ಲ. ಜಾಲರಿಯಿಂದ ಬಿಸಿಗಾಳಿ ಮಾತ್ರ ಬಂದು ಅವಳ ಉಡುಪಿನ ಅಂಚನ್ನು ಅಲುಗಿಸಿತು.

ಎದ್ದು ನೆಲಮಾಳಿಗೆಗೆ ಇಳಿದಳು.

ವೆಂಡೆಲ್ ಬೆಳಗ್ಗೆ ಬಿಟ್ಟುಹೋದ ಹಾಗೇ ಇತ್ತು ಎಲ್ಲ. ಹೆಡ್‌ಫೋನ್ ಮೊಳೆಯಲ್ಲಿ ನೇತಾಡುತ್ತಿತ್ತು. ಅದರ ಎಡಬದಿಯ ಮೆತ್ತೆ ಸವೆದು ಹತ್ತಿ ಹೊರಬಂದಿತ್ತು, ಬಲಬದಿಯದು ಅಂಗಡಿಯಿಂದ ತಂದ ದಿನದ ಹಾಗೆ ಹೊಳೆಯುತ್ತಿತ್ತು. ಲವಾನ್ ಕುರ್ಚಿಯಲ್ಲಿ, ಅವನ ಕುರ್ಚಿಯಲ್ಲಿ, ಕೂತಳು. ಅವನು ಒತ್ತುವುದನ್ನು ಅವಳು ನೋಡಿದ್ದ ಗುಂಡಿಯನ್ನು ಒತ್ತಿದಳು.

ಆರ್ಡೆನ್ ಗಂಟಲು ಸರಿಮಾಡಿಕೊಂಡ. ಎಣಿಸಿದ. ಮೇಳ ಶುರುವಾಯಿತು.

ಅವಳು ಹುಡುಕಲಿಲ್ಲ. ಕೈ ಮಡಿಲಲ್ಲಿಟ್ಟು, ಪ್ರಾರ್ಥನೆಯಲ್ಲಿ ಕೂರುವ ಹಾಗೆ, ಕೇಳುವುದನ್ನೂ ಬಿಟ್ಟು ಕೂತಳು. ಮೊದಲ ಸುತ್ತು ಹೋಯಿತು. ಎರಡನೆಯದರ ಖಾಲಿ ಜಾಗದಲ್ಲಿ, ಬೆನ್ನ ಹಿಂದೆ, ಒಂದು ಸಣ್ಣ ದನಿ ಎದ್ದಿತು. ಎಳೆಯಷ್ಟು ತೆಳ್ಳಗೆ. ತಂತಿಯ ದನಿ.

ಲವಾನ್ ಉಸಿರು ಹಿಡಿದಳು. ಅದು ನಿಂತಿತು. ಕಾಯಿತು. ಮತ್ತೆ ಎದ್ದಿತು.

ಮೆಲ್ಲಗೆ ತಿರುಗಿದಳು. ಮೂಲೆಯಲ್ಲಿ ಸ್ಟ್ಯಾಂಡಿನ ಮೇಲೆ ಅವನ ಗಿಟಾರು ನಿಂತಿತ್ತು. ಅದರ ಹತ್ತಿರ ಯಾರೂ ಇರಲಿಲ್ಲ. ಸ್ಪೀಕರಿನಿಂದ ಬೇಸಿನ ಒಂದು ಸ್ವರ ಬಿದ್ದಾಗ ಗಿಟಾರಿನ ದಪ್ಪ ತಂತಿಯೊಂದು ತಾನಾಗಿಯೇ ನಡುಗುತ್ತಿತ್ತು. ಇನ್ನೊಂದು ಸ್ವರಕ್ಕೆ ಅದರ ಪಕ್ಕದ್ದು. ಅದು ಹಾಡಲ್ಲ. ಮೇಳ ಏನು ಹೇಳಿತೋ ಅದಕ್ಕೆ ಹೂಂ, ಹೂಂ ಎನ್ನುವುದಷ್ಟೇ. ಹತ್ತಲಿಲ್ಲ, ಇಳಿಯಲಿಲ್ಲ.

ಅವಳು ಎದ್ದುಹೋಗಿ ಗಿಟಾರಿನ ಎದುರು ನಿಂತಳು. ತಂತಿಗಳ ಮೇಲಿನ ಸಣ್ಣ ಧೂಳು ಬೇಸಿನ ಪ್ರತಿ ಪೆಟ್ಟಿಗೂ ಕುಣಿಯುತ್ತಿತ್ತು. ಅವಳು ಕೈ ಚಾಚಿ, ಮಗುವಿನ ಎದೆಯ ಮೇಲೆ ಇಡುವ ಹಾಗೆ, ಅಂಗೈಯನ್ನು ತಂತಿಗಳ ಮೇಲೆ ಇಟ್ಟಳು. ದನಿ ನಿಂತಿತು.

ಬೆನ್ನ ಹಿಂದಿನ ಸ್ಪೀಕರಿನಲ್ಲಿ ಮೈಲೋ ತಡವಾಗಿ ಪೆಟ್ಟು ಹಾಕಿದ. ಮೇಳ ತಿರುಗಿ ಮೊದಲಿಗೆ ಬಂತು. ಅವಳ ಅಂಗೈ ಕೆಳಗೆ ಮರ ಸಣ್ಣಗೆ ಅದುರುತ್ತಲೇ ಇತ್ತು.